ಗಾಜಿನ ಮೇಲೆ ಉರುಳಿಸಿದ ಗುಂಡುಗಳು

ಮೊನ್ನೆ ಇಲ್ಲಿ ಮಲೇಷ್ಯಾದಲ್ಲಿ, ಬಾಂಗ್ಸಾರಿನ ಕೆಫೆಯೊಂದರಲ್ಲಿ ಕಾಫಿಗೆ ಕಾಯುತ್ತ ನಿಂತಿದ್ದೆ. ಕೌಂಟರಿನ ಪಕ್ಕದ ಕಪಾಟಿನಲ್ಲಿ ಮೋಂಬತ್ತಿಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಅಪ್ಪಟ ಜೇನುಮೇಣದ್ದು ಎಂದು ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ಬರೆದಿದ್ದನ್ನೆಲ್ಲ ನಂಬುವವಳು ನಾನಲ್ಲ, ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಹಿಡಿದವಳು ಹಾಗೇ ನಿಂತುಬಿಟ್ಟೆ. ಹಿಂದಿದ್ದವರು ಎರಡು ಸಲ ಕೆಮ್ಮಿದರು. ನನ್ನ ಗಂಡ ಶ್ರೀಧರ ಬಂದು, "ಕರೆಂಟೇ ಹೋಗದ ಊರಲ್ಲಿ ಕ್ಯಾಂಡಲ್ ಯಾಕೆ ಮಾರಾಯ್ತಿ?" ಎಂದ. ಯಾಕೆಂದು ಹೇಳುವುದು? ಜೇನುಮೇಣದ ವಾಸನೆ ಬಂದರೆ ಜನಕ್ಕೆ ದೇವರ ಮನೆ ನೆನಪಾಗಬಹುದು, ಹೂವಿನ ತೋಟ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಬಂದೂಕು, ಮತ್ತು ಆ ಬಂದೂಕಿನ ನಳಿಗೆಯನ್ನು ನಾನು ಹಾಳು ಮಾಡಿದೆನೆಂದು ನನ್ನ ಮೇಲೆ ಕೆಂಡ ಕಾರಿದ ಒಬ್ಬ ಟೀಚರಮ್ಮ.

ಅದು ಮಹಾಮಾರಿಯ ಎರಡನೇ ವರ್ಷ. ನಾವಾಗ ಸೈಬರ್‌ಜಯಾದ ಒಂದು ಕಾಂಡೋ ಫ್ಲ್ಯಾಟಿನಲ್ಲಿದ್ದೆವು. ಶ್ರೀಧರ ಮಲಗುವ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ, ಮಗಳು ಅನ್ವಿ ಊಟದ ಮೇಜನ್ನು ಸ್ಕೂಲು ಮಾಡಿಕೊಂಡಿದ್ದಳು, ನನಗೆ ಉಳಿದಿದ್ದು ಅಡುಗೆಮನೆ. ನಾನು ಹಲ್ಲಿನ ಡಾಕ್ಟರು. ಮಣಿಪಾಲದಲ್ಲಿ ಓದಿ, ಅಲ್ಲೇ ಕಲಿಸಿ, ಆಮೇಲೆ ಇಲ್ಲಿಯ ಒಂದು ಕಾಲೇಜಿಗೆ ಪಾಠ ಹೇಳಲು ಬಂದವಳು. ಒಂದು ಕಡೆ ಕುಕ್ಕರು, ಇನ್ನೊಂದು ಕಡೆ ಲ್ಯಾಪ್‌ಟಾಪು ಇಟ್ಟುಕೊಂಡು, ಮುಖವೇ ಕಾಣಿಸದ ಹುಡುಗರಿಗೆ ದವಡೆ ಹಲ್ಲಿನ ಬೇರುಗಳ ಬಗ್ಗೆ ಪಾಠ ಮಾಡುತ್ತಿದ್ದೆ.

ಆ ವರ್ಷದ ನಡುವೆ, ಇಡೀ ದೇಶಕ್ಕೆ ಬೀಗ ಹಾಕಿದ್ದಾಗಲೇ, ನನಗೂ ಕೊರೋನಾ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಸಾರಿನ ರುಚಿಯೂ ನಿಧಾನವಾಗಿ ವಾಪಸ್ ಬಂತು. ಹೋಗದೆ ಉಳಿದಿದ್ದು ಬಲಗೈಯ ನಡುಕ. ಲೋಟ ಹಿಡಿದರೆ, ತರಕಾರಿ ಹೆಚ್ಚಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಸೂಜಿಯಂಥದ್ದನ್ನು ಹಿಡಿದು ಒಂದು ಬಿಂದುವಿಗೆ ಮುಟ್ಟಿಸಬೇಕೆಂದರೆ ಮಾತ್ರ ಬೆರಳ ತುದಿ ತಾನೇ ತಾನಾಗಿ ಅಲುಗುತ್ತಿತ್ತು. ಆನ್‌ಲೈನ್ ತರಗತಿಗೆಂದು ಪ್ಲಾಸ್ಟಿಕ್ ಹಲ್ಲಿನ ಮೇಲೆ ಸಲಕರಣೆ ಇಟ್ಟು ತೋರಿಸುತ್ತಿದ್ದಾಗ ಅದು ಟಿಕಟಿಕ ಸದ್ದು ಮಾಡಿತು. ಒಬ್ಬ ಹುಡುಗಿ ಮೈಕು ಆನ್ ಮಾಡಿ, "ಡಾಕ್ಟರ್, ಯುವರ್ ಕನೆಕ್ಷನ್ ಈಸ್ ಶೇಕಿಂಗ್," ಅಂದಳು. ಹೌದಮ್ಮಾ, ಕನೆಕ್ಷನ್ನೇ, ಎಂದು ಕ್ಯಾಮೆರಾ ಆರಿಸಿದೆ.

ನರರೋಗದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನರಗಳಲ್ಲಿ ದೋಷ ಕಾಣುತ್ತಿಲ್ಲ, ವೈರಸ್ ಬಂದು ಹೋದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಕಾಯೋಣ ಎಂದರು. ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ಕಾಯಲು ಸಮಯವೂ ಇರಲಿಲ್ಲ. ವರ್ಷದ ಕೊನೆಗೆ ಕಾಲೇಜಿನ ಜೊತೆಗಿನ ನನ್ನ ಒಪ್ಪಂದ ಮುಗಿಯುತ್ತಿತ್ತು. ಕ್ಲಿನಿಕ್ ಮತ್ತೆ ತೆರೆದರೆ ರೋಗಿಗಳ ಮೇಲೆ ಕೈಯಿಟ್ಟು ಕಲಿಸುವವರು ಬೇಕು, ಪರದೆಯ ಮೇಲೆ ಪಾಠ ಹೇಳುವವರು ಬೇಕಾದಷ್ಟು ಜನ ಇದ್ದಾರೆ ಎಂದು ವಿಭಾಗದ ಮುಖ್ಯಸ್ಥರು ಮೆತ್ತಗೇ ತಿಳಿಸಿದ್ದರು. ಕೆಲಸ ಹೋದರೆ ಹೋಗಲಿ, ಇನ್ನೊಂದು ಹುಡುಕಬಹುದು. ಆದರೆ ಕೈಯೇ ಹೋದರೆ? ಬೇರೆಯವರ ಬಾಯೊಳಗೆ ತಿರುಗುವ ಡ್ರಿಲ್ ಇಡುವ ಕೈ ಅದು. ಕೂದಲೆಳೆಯಷ್ಟು ಆಚೀಚೆಯಾದರೂ ನಾಲಿಗೆ ಸೀಳುತ್ತದೆ. ಅದು ನಿಲ್ಲುತ್ತದೆ ಎಂದು ನನಗೇ ಖಾತ್ರಿಯಾಗುವವರೆಗೆ ಯಾರ ಬಾಯಿಗೂ ಕೈ ಹಾಕುವುದಿಲ್ಲ ಎಂದು ನಿರ್ಧರಿಸಿದ್ದೆ. ಖಾತ್ರಿಯಾಗದಿದ್ದರೆ ಏನು ಎಂಬುದನ್ನು ಯೋಚಿಸಲು ನನಗೆ ಭಯವಾಗುತ್ತಿತ್ತು.

ಈ ವಿಷಯ ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ. ಅನ್ವಿ ವಿಡಿಯೋ ಕಾಲಿನಲ್ಲಿ, "ತಾತ, ಅಮ್ಮಾಸ್ ಹ್ಯಾಂಡ್ ಈಸ್ ಶಿವರಿಂಗ್," ಎಂದು ಒದರಿಬಿಟ್ಟಳು. ಅಪ್ಪ ಕೊಡಗಿನ ಶನಿವಾರಸಂತೆಯಲ್ಲಿ ಹೈಸ್ಕೂಲಿನ ಡ್ರಿಲ್ ಮಾಸ್ಟರಾಗಿದ್ದವರು. ಎಂಬತ್ತಾದರೂ ದನಿ ಮೈದಾನದ್ದೇ. ಮನೆಯಲ್ಲಿ ಅಣ್ಣ, ಅತ್ತಿಗೆ, ಮೊಮ್ಮಕ್ಕಳು, ಎರಡು ನಾಯಿ, ಎಲ್ಲರಿಗೂ ಬೆಳಗ್ಗೆಯಿಂದ ಸಂಜೆಯವರೆಗೆ ಅವರದೇ ಕವಾಯತು.

"ಏನ್ ಮಗಾ, ಕೈ ನಡುಗ್ತಾ ಇದ್ಯಂತೆ?" ಅಂದರು.

"ಸ್ವಲ್ಪ ಅಪ್ಪ."

"ಯಾರ ಕೈ ನಡುಗಲ್ಲ ಹೇಳು? ನಿಮ್ಮಮ್ಮನ ಎದುರು ನಂದೂ ನಡುಗ್ತಿತ್ತು. ಒಂದ್ ಕೆಲ್ಸ ಮಾಡು, ಕೋವಿ ಹಿಡಿ. ನಡುಕ ಎಲ್ಲಿಂದ ಬರ್ತಾ ಇದೆ ಅಂತ ಅದೇ ಹೇಳ್ತದೆ."

ನಮ್ಮ ಕಡೆ ಬಂದೂಕಿಗೆ ಕೋವಿ ಎನ್ನುತ್ತಾರೆ. ಮಲೇಷ್ಯಾದಲ್ಲಿ ಕೋವಿ ಹಿಡಿಯುವುದೆಂದರೆ ಹುಡುಗಾಟವಲ್ಲ, ಜೈಲಿಗೇ ದಾರಿ ಎಂದು ಅಪ್ಪನಿಗೆ ವಿವರಿಸಲು ಹೊರಟೆ. ಅಷ್ಟರಲ್ಲಿ ಶ್ರೀಧರ, "ಅನ್ವಿ ಹೋಗ್ತಿದ್ದಳಲ್ಲ, ಡೆಂಗ್ಕಿಲ್ ಕಡೆ ಶೂಟಿಂಗ್ ಕ್ಲಬ್ಬು, ಅಲ್ಲಿ ಗಾಳಿ ಬಂದೂಕು ಇದೆ," ಎಂದು ನೆನಪಿಸಿದ. ನಿಜ, ಮಹಾಮಾರಿಗೆ ಮುಂಚೆ ಅವಳನ್ನು ಅಲ್ಲಿ ಸೇರಿಸಿದ್ದೆವು. ನಾಲ್ಕು ವಾರ ಹೋಗಿ "ಬೋರಿಂಗ್" ಎಂದು ಬಿಟ್ಟಿದ್ದಳು. ಎರಡು ಲಸಿಕೆ ಹಾಕಿಸಿಕೊಂಡವರಿಗೆ ಕ್ರೀಡೆಗಳನ್ನು ಮೆಲ್ಲಗೆ ಬಿಡುತ್ತಿದ್ದ ದಿನಗಳವು. ಮಗಳ ಜಾಗಕ್ಕೆ ತಾಯಿ ಸೇರಿಕೊಂಡಳು.

ಕ್ಲಬ್ಬು ಎಂದರೆ ತಾಳೆ ತೋಟದ ಅಂಚಿನಲ್ಲಿ ತಗಡಿನ ಛಾವಣಿಯ ಉದ್ದನೆಯ ಹಜಾರ. ಅದರ ಉಸ್ತುವಾರಿ ನೋಡುತ್ತಿದ್ದವರು ಹಸ್ನಾ ಎಂಬ ಮಲಯ್ ಹೆಂಗಸು. ನಿವೃತ್ತ ಶಾಲಾ ಶಿಕ್ಷಕಿ, ಹಾಗಾಗಿ ಎಲ್ಲರಿಗೂ ಅವರು ಚಿಕ್ಗು, ಅಂದರೆ ಟೀಚರ್. ತಲೆಗೆ ಬೂದುಬಣ್ಣದ ತುಡುಂಗ್ ವಸ್ತ್ರ, ಮುಖಕ್ಕೆ ಮಾಸ್ಕು, ಎರಡರ ನಡುವೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಅಷ್ಟು ಸಾಕಾಗಿತ್ತು. ನನ್ನ ವಯಸ್ಸು ಕೇಳಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಬಂದೂಕು ಹಿಡಿಯುವುದು, ಕೆನ್ನೆ ಒರಗಿಸುವುದು, ಎದುರಿನ ಕಪ್ಪು ಚುಕ್ಕೆಯನ್ನು ಕಿಂಡಿಯ ನಡುವೆ ನಿಲ್ಲಿಸುವುದು, ಎಲ್ಲವನ್ನೂ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವಂತೆ ಹೇಳಿಕೊಟ್ಟರು. "ನಿಧಾನ ಡಾಕ್ಟರ್. ಸಾಬಾರ್, ಸಾಬಾರ್. ನೋ ನೀಡ್ ಟು ರಶ್ ಲಾ." ಲಾ ಎಂಬುದು ಇಲ್ಲಿಯವರ ಮಾತಿಗೆ ಅಂಟುವ ಬಾಲ, ಸಾಬಾರ್ ಎಂದರೆ ಸಬೂರಿ. ಸಬೂರಿಗೂ ನನಗೂ ಎಣ್ಣೆ ಸೀಗೇಕಾಯಿ. 'ನಿಧಾನ' ಎಂಬ ಆ ಒಂದು ಪದವನ್ನು ನನ್ನಿಂದಲೇ ಕಲಿತು ನನ್ನ ಮೇಲೆಯೇ ಪ್ರಯೋಗಿಸುತ್ತಿದ್ದರು.

ಮೊದಲ ದಿನದ ನನ್ನ ಗುರಿಕಾಗದ ನೋಡಿದರೆ ಕೋಳಿ ಕೆದರಿದ ಅಂಗಳ. ಒಂದು ತೂತು ಮೇಲೆ, ಒಂದು ಬಲಕ್ಕೆ, ಒಂದು ಕಾಗದದ ಅಂಚಿನಲ್ಲಿ. ಎರಡನೇ ದಿನವೂ ಅಷ್ಟೆ. ಆಗ ಕಣ್ಣಿಗೆ ಬಿದ್ದದ್ದು ಗುಂಡಿನ ಡಬ್ಬಿ. ಗಾಳಿ ಬಂದೂಕಿನ ಗುಂಡು ಸೀಸದ್ದು, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು, ನಡು ಸಣ್ಣಗಾಗಿ ಪುಟ್ಟ ಡಮರುವಿನ ಹಾಗಿರುತ್ತದೆ. ಆ ಡಬ್ಬಿಯಲ್ಲಿ ಕೆಲವು ಹೊಳೆಯುತ್ತಿದ್ದವು, ಕೆಲವು ಕಪ್ಪಿಟ್ಟಿದ್ದವು, ಕೆಲವದರ ಅಂಚು ನಗ್ಗಿತ್ತು. ಕೇಳಿದರೆ, "ನ್ಯೂ ಸ್ಟಾಕ್ ತಾಕ್ ಆದಾ," ಅಂದರು ಚಿಕ್ಗು. ತಾಕ್ ಆದಾ, ಇಲ್ಲ. ಯುರೋಪಿನಿಂದ ಬರಬೇಕಾದ ಸರಕು ಎಲ್ಲೋ ಬಂದರಿನಲ್ಲಿ ಕೂತಿತ್ತು. ಹಳೆಯ ನಾಲ್ಕಾರು ಕಂಪನಿಗಳ ಡಬ್ಬಿಗಳ ತಳದಲ್ಲಿ ಉಳಿದಿದ್ದನ್ನೆಲ್ಲ ಒಂದೇ ಡಬ್ಬಿಗೆ ಸುರಿದು ಅಭ್ಯಾಸಕ್ಕೆ ಕೊಡುತ್ತಿದ್ದರು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ತಪ್ಪು ಗುಂಡಿನದು! ಕಾರಿನಲ್ಲಿ ಮನೆಯವರೆಗೂ ಶ್ರೀಧರನಿಗೆ ಅದನ್ನೇ ಹೇಳಿದೆ. ಅವನು ಸ್ಟೀರಿಂಗ್ ಮೇಲೆ ತಾಳ ಹಾಕುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ. ಆ ಸಂಜೆ ಅವನಿಗೆ ಉಪ್ಪಿಟ್ಟೇ ಗತಿಯಾಯಿತು. ಆದರೂ ಮಾತು ಚುಚ್ಚಿತ್ತು, ಯಾಕೆಂದರೆ ಅದು ಸುಳ್ಳು ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು, ಕುಣಿಯುವವಳ ಕಾಲೂ ಕುಂಟಾಗಿರಬಹುದಿತ್ತು. ಎರಡೂ ಬೆರೆತು ಹೋದರೆ ಯಾವುದು ಎಷ್ಟು ಎಂದು ಹೇಳುವುದು ಹೇಗೆ?

ಅದಕ್ಕೆ ಉತ್ತರ ಇದ್ದದ್ದು ಅಪ್ಪನ ಹತ್ತಿರ. ನನಗೂ ಗೊತ್ತಿದ್ದದ್ದೇ, ಮರೆತಿದ್ದೆ. ಅಪ್ಪನ ಹತ್ತಿರ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯೊಂದಿತ್ತು. ಕೈಲ್‌ಮುಹೂರ್ತದ ಹಬ್ಬ ಬಂತೆಂದರೆ ಕೊಡಗಿನಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಆ ಪಂದ್ಯಕ್ಕೆ ಗುಂಡುಗಳನ್ನು ಅವರು ಮನೆಯಲ್ಲೇ ಎರಕ ಹೊಯ್ಯುತ್ತಿದ್ದರು. ಹಳೆಯ ಟೆಲಿಫೋನ್ ಕೇಬಲ್ಲಿನ ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಇಕ್ಕಳದಂಥ ಅಚ್ಚಿಗೆ ಹೊಯ್ದು, ತಣಿದ ಮೇಲೆ ಬಿಡಿಸುವುದು. ಅಮ್ಮ ಅದನ್ನು ಅಡುಗೆಮನೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ, ಕೊಟ್ಟಿಗೆಯ ಆಚೆ ಬಯಲಿನಲ್ಲೇ ಒಲೆ. ಮೊದಲ ಕೆಲವು ಗುಂಡು ಸುಕ್ಕುಗಟ್ಟಿ ಬರುತ್ತಿದ್ದವು. ಕಾವಲಿ ಕಾಯದೆ ಹೊಯ್ದ ಮೊದಲ ದೋಸೆ ಹಾಗೆಯೇ ಅಲ್ಲವೇ, ಅಚ್ಚೂ ಕಾಯಬೇಕು. ಅವನ್ನು ಮತ್ತೆ ಸೌಟಿಗೇ ಹಾಕುತ್ತಿದ್ದರು. ಚೆನ್ನಾಗಿ ಕಂಡವನ್ನೂ ಅಪ್ಪ ನಂಬುತ್ತಿರಲಿಲ್ಲ. ಹೊರಗೆ ನುಣುಪಾಗಿದ್ದು ಒಳಗೆ ಗಾಳಿಗುಳ್ಳೆ ಇದ್ದರೆ ಗುಂಡು ಓಲಾಡುತ್ತದೆ. ಅದಕ್ಕೆ ಚಿನ್ನದ ಆಚಾರಿಯ ತಕ್ಕಡಿಯಲ್ಲಿ ತೂಗುವುದು, ಆಮೇಲೆ ಓರೆಯಾಗಿಟ್ಟ ಕಿಟಕಿ ಗಾಜಿನ ಮೇಲೆ ಒಂದೊಂದನ್ನೇ ಉರುಳಿಸುವುದು. ನೆಟ್ಟಗೆ ಉರುಳಿದ್ದು ಪಂದ್ಯಕ್ಕೆ, ಅಡ್ಡ ಹೋದದ್ದು ಸೌಟಿಗೆ. ಉರುಳಿಸುವ ಕೆಲಸ ನನ್ನದಾಗಿತ್ತು.

ಫೋನಿನಲ್ಲಿ ಅಪ್ಪನಿಗೆ ಮಿಶ್ರ ಗುಂಡಿನ ಕಥೆ ಹೇಳಿದಾಗ ಅವರು ನಗಲಿಲ್ಲ.

"ಗುಂಡೆಲ್ಲ ಒಂದೇ ಥರ ಇಲ್ಲ ಅಂದ್ರೆ ನೀನು ಏನ್ ಹೊಡೆದ್ರೂ ಅದು ಲೆಕ್ಕಕ್ಕಿಲ್ಲ ಮಗಾ. ಮೊದ್ಲು ಗುಂಡಿಂದು ತೆಗೆದು ಹಾಕು. ಉಳಿಯೋದು ಏನಿದ್ಯೋ ಅದು ನಿಂದು."

"ಉಳಿಯೋದು ಜಾಸ್ತಿ ಇದ್ರೆ?"

"ಇರ್ಲಿ. ಗೊತ್ತಾಗ್ಲಿ. ಗೊತ್ತಾಗದೆ ಹೆದರೋದಕ್ಕಿಂತ ಗೊತ್ತಾಗಿ ಹೆದರು."

ಕ್ಲಬ್ಬಿನ ನಿಯಮದಂತೆ ಒಂದು ಗುಂಡೂ ಬಾಗಿಲು ದಾಟುವಂತಿಲ್ಲ. ಹಾಗಾಗಿ ನಾನೇ ಸಾಮಾನು ಹೊತ್ತುಕೊಂಡು ಹೋದೆ. ಆಭರಣ ತೂಗುವ ಚಿಕ್ಕ ಮಾಪಕ, ಚಿಮುಟ, ಕೈಗವಸು, ಮತ್ತು ಹಲ್ಲಿಗೆ ತುಂಬುವ ಸಿಮೆಂಟ್ ಕಲೆಸಲು ನಾವು ಬಳಸುವ ದಪ್ಪ ಗಾಜಿನ ಚಪ್ಪಡಿ. ಹಜಾರದ ಮೂಲೆಯಲ್ಲಿ, ಎಲ್ಲರಿಂದ ದೂರ, ಒಂದು ಮೇಜು ಕೊಟ್ಟರು. ಅಲ್ಲಿ ಕೂತು ಡಬ್ಬಿ ಸುರಿದುಕೊಂಡು ಆರಿಸತೊಡಗಿದೆ. ಅಕ್ಕಿ ಆರಿಸಿದ ಕೈ, ಅದು ಮರೆತಿರಲಿಲ್ಲ. ಮೊದಲು ನಗ್ಗಿದ್ದನ್ನು ಬೇರೆ ಮಾಡುವುದು, ಆಮೇಲೆ ತೂಕ, ಆಮೇಲೆ ಗಾಜು. ಡಮರುವಿನಾಕಾರದ ಗುಂಡು ನೆಟ್ಟಗೆ ಉರುಳುವುದಿಲ್ಲ, ಬಿಲ್ಲಿನಂತೆ ಬಾಗಿ ಸುತ್ತುತ್ತದೆ. ಒಂದೇ ಕುಲದವೆಲ್ಲ ಒಂದೇ ಬಾಗಿನಲ್ಲಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ, ಕುಲಗೆಟ್ಟದ್ದು ಬೇರೆಲ್ಲೋ ಹೋಗಿ ಬೀಳುತ್ತದೆ. ಚಿಮುಟದಲ್ಲಿ ಹಿಡಿದ ಗುಂಡು ಗಾಜಿಗೆ ತಾಗುವಾಗ ಟಿಕಟಿಕ ಎನ್ನುತ್ತಿತ್ತು. ಅದನ್ನು ಕೇಳಿಸಿಕೊಳ್ಳದ ಹಾಗೆ ಮಾಡುತ್ತಿದ್ದೆ.

ಚಿಕ್ಗು ಮೊದಲು ದೂರದಿಂದ ನೋಡಿದರು, ಆಮೇಲೆ ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡರು. "ದಿಸ್ ಒನ್ ಇಂಡಿಯನ್ ಮೆಥಡ್ ಆ?" "ಮೈ ಫಾದರ್ ಮೆಥಡ್," ಅಂದೆ. ತಗಡಿನ ಮೇಲೆ ಮಧ್ಯಾಹ್ನದ ಮಳೆ ಸುರಿಯುತ್ತಿದ್ದರೆ ಮಾತು ಕೇಳಿಸುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಉರುಳಿಸುತ್ತ ಕೂರುತ್ತಿದ್ದೆವು. ಎರಡು ವರ್ಷದಲ್ಲಿ ಮನೆಯವರಲ್ಲದ ಒಬ್ಬರ ಜೊತೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಆ ಮಳೆ, ಆ ಮೇಜು ಎಷ್ಟು ಸಮಾಧಾನ ಕೊಡುತ್ತಿತ್ತೆಂದರೆ, ಮನೆಗೆ ಬಂದು ಯಾರ ಮೇಲೂ ಸಿಡುಕುತ್ತಿರಲಿಲ್ಲ. ಅನ್ವಿ ಅನುಮಾನದಿಂದ, "ಅಮ್ಮಾ, ಆರ್ ಯೂ ಓಕೆ?" ಎಂದು ಕೇಳಿದ್ದಳು.

ಇನ್ನೇನು ಆರಿಸಿದ್ದು ಮುಗಿಯಿತು ಅನ್ನುವಾಗ ಅಪ್ಪ ಫೋನಿನಲ್ಲಿ, "ಮೇಣ ಹಚ್ಚಿದ್ಯಾ?" ಅಂದರು. ನಮ್ಮನೆಯಲ್ಲಿ ಬರೀ ಸೀಸವನ್ನು ಯಾವತ್ತೂ ನಳಿಗೆಗೆ ಹಾಕಿದ್ದಿಲ್ಲ. ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ಬಿಸಿ ಮಾಡಿ, ಆ ಜಿಡ್ಡನ್ನು ಬಟ್ಟೆ ಚೂರಿಗೆ ಸವರಿ, ಅದರಲ್ಲಿ ಗುಂಡನ್ನು ಸುತ್ತಿ ಇಳಿಸುವುದು. ಇಲ್ಲದಿದ್ದರೆ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ, ಗುರಿ ಕೆಡುತ್ತದೆ. ನಾನೂ ಎರಡನೇ ಮಾತಿಲ್ಲದೆ ಮೇಣ ತಂದು, ಒಗ್ಗರಣೆ ಸೌಟಿನಲ್ಲಿ ಕರಗಿಸಿ, ಸಣ್ಣ ಡಬ್ಬಿಯಲ್ಲಿ ಒಯ್ದೆ. ಮನೆಯೆಲ್ಲ ಅದೇ ವಾಸನೆ. ಬಟ್ಟೆ ಸುತ್ತಲು ಜಾಗವಿಲ್ಲದ ಪುಟ್ಟ ಗುಂಡುಗಳಲ್ಲವೇ, ಅವಕ್ಕೇ ನೇರವಾಗಿ ಸವರಿದೆ. ಚಿಕ್ಗುವಿಗೆ ಹೇಳಲಿಲ್ಲ, ಹೇಳುವಂಥ ವಿಷಯ ಎಂದು ಅನ್ನಿಸಲೇ ಇಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಆ ದಿನ ಹೊಡೆದ ಗುಂಡುಗಳಿಗೆ ದೇವರೇ ಗತಿ. ಒಂದು ಹತ್ತಿರ ಬಿದ್ದರೆ ಮುಂದಿನದು ಗಜ ದೂರ ಹೋಯಿತು ಅನ್ನಿಸುತ್ತಿತ್ತು. ಚಿಕ್ಗು ಬಂದೂಕು ಇಸಿದುಕೊಂಡು, ನಳಿಗೆಯೊಳಗೆ ದೀಪ ಬಿಟ್ಟು ನೋಡಿದರು. ಮೂಗಿನಿಂದ ಮಾಸ್ಕು ಸರಿಸಿ ಮೂಸಿದರು. ಆ ಕಾಲದಲ್ಲಿ ಒಬ್ಬರು ಮಾಸ್ಕು ಸರಿಸಿದರೆಂದರೆ ವಿಷಯ ಗಂಭೀರ ಎಂದೇ ಅರ್ಥ.

"ವಾಟ್ ಈಸ್ ದಿಸ್, ಡಾಕ್ಟರ್?"

"ಬೀ ವ್ಯಾಕ್ಸ್. ಆಂಡ್ ಕೋಕನಟ್ ಆಯಿಲ್."

"ಕೋಕನಟ್ ಆಯಿಲ್." ಅವರು ಅದನ್ನು ಹೇಳಿದ ರೀತಿಗೆ ನಾನು ಒಂದನೇ ಕ್ಲಾಸಿಗೆ ಇಳಿದುಹೋದೆ. "ಯೂ ವಾಂಟ್ ಟು ಶೂಟ್ ಆರ್ ಯೂ ವಾಂಟ್ ಟು ಕುಕ್ ರೆಂದಾಂಗ್? ದಿಸ್ ಈಸ್ ಏರ್ ರೈಫಲ್ ಲಾ! ಓನ್ಲಿ ಏರ್!"

ಅಂದಿನ ನನ್ನ ಸರದಿ ರದ್ದಾಯಿತು. ಎಣ್ಣೆ ಜಿಡ್ಡು ನಳಿಗೆಯ ಗೀರುಗಳಲ್ಲಿ ಅಂಟಿ ಕೂತಿತ್ತು. ಅವರು ಹೇಳಿಕೊಟ್ಟಂತೆ ಉಣ್ಣೆಯ ಚೂರುಗಳನ್ನು ಸರಿಗೆಗೆ ಕಟ್ಟಿ, ಒಂದೊಂದಾಗಿ ಎಳೆದು, ಕಪ್ಪು ಬಿಡುವುದು ನಿಲ್ಲುವವರೆಗೆ ಒರೆಸಿದೆ. ಮುಖ ಸಪ್ಪೆ ಮಾಡಿಕೊಂಡು ಅಪ್ಪನಿಗೆ ಫೋನು ಮಾಡಿದರೆ ಅವರು ಸೋಲು ಒಪ್ಪುವ ಪೈಕಿಯೇ? "ಮೇಣ ತಡೀದೇ ಇರೋ ಕೋವಿ ಅದೆಂಥ ಕೋವಿ?" ಅಂದರು. ಆಮೇಲೆ, "ಅಲ್ಲ, ಅದ್ರಲ್ಲಿ ಮದ್ದೇ ಇಲ್ಲ, ಬೆಂಕಿನೇ ಇಲ್ಲ ಅಲ್ವಾ. ಮೇಣ ಕರಗೋದಾದ್ರೂ ಹೆಂಗೆ?" ಎಂದು ತಮಗೆ ತಾವೇ ಹೇಳಿಕೊಂಡು ಗಹಗಹಿಸಿದರು. ಹಿಂದೆ ನಾಯಿಗಳೂ ಬೊಗಳಿದವು. ನನಗೂ ನಗು ತಡೆಯಲಾಗಲಿಲ್ಲ. ಕಾಯಿಲೆ ಬಿದ್ದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ.

ಮುಂದಿನ ವಾರ ಆರಿಸಿದ ಗುಂಡುಗಳನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಕಾಲಿಗೆ ಬಿದ್ದವಳಂತೆ ಚಿಕ್ಗುವಿನ ಮುಂದಿಟ್ಟೆ. ಅವರ ಕೋಪ ಇಳಿದಿತ್ತು. ನನ್ನ ಕೈಗೆ ಬಂದೂಕು ಕೊಡದೆ, ಮೊದಲು ಅದನ್ನು ಮರಳು ಚೀಲದ ಮೇಲೆ ಮಲಗಿಸಿ, ಆರಿಸಿದ ಗುಂಡು ಹಾಕಿ ತಾವೇ ಹೊಡೆದರು. ಒಂದರ ಹಿಂದೆ ಒಂದು. ಕಾಗದ ತಂದು ನೋಡಿದರೆ ಒಂದೇ ತೂತು, ಅಂಚು ಸ್ವಲ್ಪ ಹರಿದಿತ್ತು ಅಷ್ಟೆ. ಆಮೇಲೆ ಮಿಶ್ರ ಡಬ್ಬಿಯಿಂದ ಹೊಡೆದರು. ಮತ್ತೆ ಕೋಳಿ ಕೆದರಿದ ಅಂಗಳ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಾಜಿನ ಮೇಲೆ ಉರುಳಿಸಿದ ಅಷ್ಟೂ ಮಧ್ಯಾಹ್ನಗಳಿಗೆ ಫಲ ಸಿಕ್ಕಿತ್ತು.

"ನೌ ಯೂ," ಎಂದು ಬಂದೂಕು ಚಾಚಿದರು.

ಇಷ್ಟು ದಿನ ತಪ್ಪನ್ನು ಗುಂಡಿನ ಮೇಲೆ ಹಾಕಬಹುದಾಗಿತ್ತು. ಬಂದೂಕಿನ ಮೇಲೆ ಹಾಕಬಹುದಾಗಿತ್ತು. ಈಗ ಗುಂಡು ಒಳ್ಳೆಯದು, ಬಂದೂಕು ಒಳ್ಳೆಯದು. ಇನ್ನು ಕಾಗದದ ಮೇಲೆ ಬೀಳುವುದೆಲ್ಲ ನಾನು. ತಲೆನೋವು, ನಾಳೆ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಚಿಕ್ಗುವಿನ ಕಣ್ಣು ನೋಡಿ ಮುಚ್ಚಿಕೊಂಡೆ. ನಿಂತು, ಕೆನ್ನೆ ಒರಗಿಸಿ, ಹೊಡೆದೆ. ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟನ್ನೂ ಹೊಡೆದು, ಕಾಗದ ತರುವಾಗ ಅದನ್ನು ಎದೆಗೆ ಅವುಚಿಕೊಂಡೇ ಬಂದೆ, ನೋಡಲಿಲ್ಲ.

ಮೇಜಿನ ಮೇಲಿಟ್ಟು ನೋಡಿದೆ. ಚೆಲ್ಲಾಪಿಲ್ಲಿ ಆಗಿತ್ತು, ಆದರೆ ಹಿಂದಿನ ಹಾಗಲ್ಲ. ಎಡಬಲಕ್ಕೆ ಹೆಚ್ಚು ಹೋಗಿರಲೇ ಇಲ್ಲ. ತೂತುಗಳೆಲ್ಲ ಮೇಲಿಂದ ಕೆಳಕ್ಕೆ, ಒಂದರ ಕೆಳಗೊಂದು, ಗೆರೆ ಹಾಕಿ ನಿಲ್ಲಿಸಿದಂತೆ ನಿಂತಿದ್ದವು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೈ ನಡುಗಿದರೆ ಗುಂಡು ಎಲ್ಲ ದಿಕ್ಕಿಗೂ ಹೋಗಬೇಕು. ಇದು ಬರೀ ಮೇಲೆ, ಕೆಳಗೆ. ದೇಹದಲ್ಲಿ ಬರೀ ಮೇಲೆ ಕೆಳಗೆ ಆಡುವುದು ಯಾವುದು? ಎದೆ.

"ಬ್ರೆತ್," ಅಂದೆ. ಅದೇ ಹೊತ್ತಿಗೆ ಚಿಕ್ಗು ತಮ್ಮ ಭುಜ ಮುಟ್ಟಿ ತೋರಿಸಿದರು. "ಐ ಸೀ ಫ್ರಮ್ ಬ್ಯಾಕ್. ಯುವರ್ ಶೋಲ್ಡರ್ ಗೋ ಅಪ್, ದೆನ್ ಸ್ಟಾಪ್. ಗೋ ಅಪ್, ಸ್ಟಾಪ್. ಐ ಥಾಟ್ ನ್ಯೂ ಪೀಪಲ್ ಆಲ್ ಲೈಕ್ ದಟ್. ಬಟ್ ಯೂ ಆಲ್ವೇಸ್ ಲೈಕ್ ದಟ್ ಲಾ. ಈವನ್ ವೆನ್ ಯೂ ಸಿಟ್."

ಕೂತಾಗಲೂ! ಚಿಮುಟದಲ್ಲಿ ಗುಂಡು ಹಿಡಿದಾಗ, ಪ್ಲಾಸ್ಟಿಕ್ ಹಲ್ಲಿಗೆ ಸಲಕರಣೆ ಇಟ್ಟಾಗ ನಾನು ಏನು ಮಾಡುತ್ತಿದ್ದೆ? ಉಸಿರು ಕಟ್ಟುತ್ತಿದ್ದೆ. ಕಾಯಿಲೆಯ ದಿನಗಳಲ್ಲಿ ಆಳವಾಗಿ ಉಸಿರೆಳೆದರೆ ಕೆಮ್ಮು ಒತ್ತರಿಸಿ ಬರುತ್ತಿತ್ತು, ಅದಕ್ಕೆ ಹೆದರಿ ಮೇಲುಮೇಲೆ ಉಸಿರಾಡುವುದನ್ನು ರೂಢಿ ಮಾಡಿಕೊಂಡಿದ್ದೆ. ಕೆಮ್ಮು ಹೋಗಿತ್ತು, ರೂಢಿ ಹೋಗಿರಲಿಲ್ಲ. ಬಾಯೊಳಗೆ ನೋಡುವುದೆಂದರೆ ವೈರಸ್ಸಿನ ಮುಖಕ್ಕೆ ಮುಖ ಕೊಡುವುದು ಎಂಬ ದಿಗಿಲು ಬೇರೆ, ನಾಜೂಕಿನ ಕೆಲಸಕ್ಕೆ ಕೂತಾಗೆಲ್ಲ ಎದೆ ಬಿಗಿದುಕೊಳ್ಳುತ್ತಿತ್ತು. ಉಸಿರು ಸಾಲದ ಮೈಯಲ್ಲಿ ಬೆರಳು ನಡುಗದೆ ಇನ್ನೇನಾದೀತು? ನಾನು ಹೆದರಿದ್ದು ಕೈಗೆ. ಕೈಯದೇನೂ ತಪ್ಪಿರಲಿಲ್ಲ ಪಾಪ. ಆ ಬೆರಕೆ ಗುಂಡುಗಳಲ್ಲೇ ಹೊಡೆಯುತ್ತಿದ್ದಿದ್ದರೆ ಆ ಗೆರೆ ಯಾವ ಜನ್ಮಕ್ಕೂ ಕಾಣಿಸುತ್ತಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಚಿಕ್ಗು ನಿಯಮದ ದೂರವನ್ನು ಮರೆತು ಬಂದು ಬೆನ್ನು ತಟ್ಟಿದರು.

ಅದಾದ ಮೇಲೆ ಎಲ್ಲ ಒಂದೇ ದಿನಕ್ಕೆ ಸರಿಯಾಯಿತು ಎಂದರೆ ಸುಳ್ಳಾದೀತು. ನರರೋಗದ ಡಾಕ್ಟರಿಗೆ ಕಾಗದ ತೋರಿಸಿದೆ, ಅವರು ಆಶ್ಚರ್ಯಪಟ್ಟು, ಉಸಿರಾಟದ ವ್ಯಾಯಾಮ ಕಲಿಸುವವರ ಹತ್ತಿರ ಕಳಿಸಿದರು. ಬೆಳಗ್ಗೆ ಬಾಲ್ಕನಿಯಲ್ಲಿ ನಿಂತು ಹೊಟ್ಟೆ ತುಂಬ ಉಸಿರೆಳೆದು ಬಿಡುವುದು. ಎದುರಿನ ಟವರಿನ ತಮಿಳು ಅಜ್ಜಿಯೊಬ್ಬರು ನಾನು ಸೂರ್ಯನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ದಿನಾ ಕೈ ಮುಗಿಯುತ್ತಿದ್ದರು. ಕ್ಲಬ್ಬಿನಲ್ಲಿ ಉಸಿರು ಬಿಟ್ಟು, ಅದು ತಾನಾಗಿ ನಿಲ್ಲುವ ಪುಟ್ಟ ತಂಗುದಾಣದಲ್ಲಿ ಟ್ರಿಗರ್ ಒತ್ತುವುದನ್ನು ಕಲಿತೆ. ವಾರ ವಾರವೂ ಆ ಗೆರೆ ಕುಗ್ಗುತ್ತ ಬಂತು. ಕೆಲವು ವಾರ ಮತ್ತೆ ಉದ್ದವಾಯಿತು, ಆಗೆಲ್ಲ ನಾನು ಮನೆಯಲ್ಲಿ ಪಾತ್ರೆ ಸದ್ದು ಮಾಡಿದೆ. ಹೊಸ ಗುಂಡುಗಳ ಸರಕು ಬಂದಾಗ ಚಿಕ್ಗು ಅವನ್ನೂ ನನ್ನ ಮುಂದೆ ತಂದಿಟ್ಟು, "ಡಾಕ್ಟರ್, ಯುವರ್ ಗ್ಲಾಸ್ ಪ್ಲೀಸ್," ಎಂದರು.

ಅಪ್ಪನಿಗೆ ಪ್ರತಿ ವಾರದ ಕಾಗದದ ಫೋಟೋ ಹೋಗುತ್ತಿತ್ತು. "ತೆಂಗಿನಕಾಯಿ ಆಗಿದ್ರೆ ಇಷ್ಟೊತ್ತಿಗೆ ಚಟ್ನಿ ಆಗಿರೋದು," ಎಂಬುದು ಅವರು ಕೊಟ್ಟ ಅತಿ ದೊಡ್ಡ ಪ್ರಶಸ್ತಿ.

ಕ್ಲಿನಿಕ್ ತೆರೆಯಿತು. ಬರುತ್ತೇನೆ ಎಂದು ಮುಖ್ಯಸ್ಥರಿಗೆ ನಾನೇ ಫೋನು ಮಾಡಿ ಹೇಳಿದೆ, ಹೇಳಿದ ಮೇಲೆ ಒಂದು ಲೋಟ ನೀರು ಕುಡಿದೆ. ಮೊದಲ ದಿನದ ಮೊದಲ ರೋಗಿ ಒಬ್ಬ ಚೀನೀ ಅಂಕಲ್, ಎಪ್ಪತ್ತರ ಹತ್ತಿರದವರು. ಮುರಿದ ದವಡೆ ಹಲ್ಲಿಗೆ ಕವಚ ಕೂರಿಸಲು ಅದನ್ನು ಸುತ್ತಲೂ ಕೆತ್ತಿ ಅಣಿಮಾಡಬೇಕು. ಲಾಕ್‌ಡೌನ್ ಕಾಲದಲ್ಲಿ ಎಲ್ಲೂ ಹೋಗಲಾಗದೆ ತಿಂಗಳುಗಟ್ಟಲೆ ನೋವು ನುಂಗಿಕೊಂಡಿದ್ದರು. ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಡಾಕ್ಟರ್, ಐ ವೆರಿ ಸ್ಕೇರ್ಡ್ ವನ್," ಎಂದರು. ನಾನೂ ಹಾಗೆಯೇ ಇದ್ದೆ. ಮಾಸ್ಕು, ಅದರ ಮೇಲೆ ಇನ್ನೊಂದು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಸುತ್ತ ನಿಂತ ವಿದ್ಯಾರ್ಥಿಗಳ ಕಣ್ಣೆಲ್ಲ ನನ್ನ ಕೈಯ ಮೇಲೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕಾದೆ. ಉಸಿರು ಎಳೆದೆ, ಬಿಟ್ಟೆ, ಡ್ರಿಲ್ ಇಟ್ಟೆ.

ಆಮೇಲೆ ನನಗೆ ಗೊತ್ತಿದ್ದದ್ದು ಆ ಹಲ್ಲು ಒಂದೇ. ಬೆಳಕು, ನೀರಿನ ತುಂತುರು, ಬೆರಳ ಕೆಳಗೆ ನುಣ್ಣಗಾಗುತ್ತ ಬಂದ ಅಂಚು. ಕೈ ನನ್ನದೇ ಎಂಬಂತೆ, ಹಳೆಯ ದಿನಗಳಂತೆ, ಹೇಳಿದ ಕಡೆ ಹೋಗುತ್ತಿತ್ತು, ನಿಲ್ಲಿಸಿದ ಕಡೆ ನಿಲ್ಲುತ್ತಿತ್ತು. ಡ್ರಿಲ್ ಆರಿಸಿದಾಗ ಕೋಣೆಯಲ್ಲಿ ಇನ್ನೊಂದು ಸದ್ದು ಕೇಳಿಸಿತು. ಏನೆಂದು ಬಗ್ಗಿ ನೋಡಿದೆ. ಅಂಕಲ್ ಬಾಯಿ ತೆರೆದುಕೊಂಡೇ ಗೊರಕೆ ಹೊಡೆಯುತ್ತಿದ್ದರು. ಕುರ್ಚಿಯನ್ನು ಹಿಡಿದಿದ್ದ ಕೈಗಳು ಸಡಿಲಾಗಿ ಹೊಟ್ಟೆಯ ಮೇಲೆ ಬಿದ್ದಿದ್ದವು. ಹಲ್ಲಿನ ಡಾಕ್ಟರಿಗೆ ಅದಕ್ಕಿಂತ ದೊಡ್ಡ ಮಾತನ್ನು ಯಾವ ರೋಗಿಯೂ ಹೇಳಲಾರ. ವಿದ್ಯಾರ್ಥಿಗಳು ನಗು ತಡೆಯಲಾರದೆ ಭುಜ ಕುಣಿಸುತ್ತಿದ್ದರು. ನನ್ನ ಕಣ್ಣು ತುಂಬಿ ಪರದೆಯೆಲ್ಲ ಮಂಜಾಯಿತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಅವರನ್ನು ಹಾಗೇ ಮಲಗಲು ಬಿಟ್ಟು, ಆಮೇಲೆ ಮೆಲ್ಲಗೆ ಭುಜ ತಟ್ಟಿದೆ.

ಅಂಕಲ್ ಕಣ್ಣು ಬಿಟ್ಟು ಸುತ್ತ ನೋಡಿದರು. "ಯೂ ಸ್ಟಾರ್ಟೆಡ್ ಆರ್ ನಾಟ್ ಯೆಟ್ ಆ, ಡಾಕ್ಟರ್?" ಎಂದರು.